ಮೂವತ್ತೈದು ವರ್ಷ ಕಲಿಯುವ ಕೆಲಸ

*ಶಿಕ್ಷಕರ ಉತ್ಸಾಹ ಎಲ್ಲಿಂದ ಬರುತ್ತದೆ, ಎಲ್ಲಿ ಬತ್ತುತ್ತದೆ? ವಿಜಯಪುರ, ತಿಕೋಟಾ, ಬಬಲೇಶ್ವರದ ಶಾಲೆಗಳ ಸುತ್ತ ಒಂದು ವಿಚಾರ*

ಇಪ್ಪತ್ತೈದನೆಯ ವಯಸ್ಸಿಗೆ ಸಾಲಿಯ ಮೆಟ್ಟಿಲು ಹತ್ತಿದ ಶಿಕ್ಷಕರು ಅರವತ್ತಕ್ಕೆ ನಿವೃತ್ತರಾಗುವ ಹೊತ್ತಿಗೆ ಮೂವತ್ತೈದು ವರ್ಷ ಸೇವೆ ಮಾಡಿರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕು. ಗುಣಿಸಿದರೆ 7,700 ದಿನ. ಅದೇ ಮಗ್ಗಿ, ಅದೇ ಸಂಧಿ-ಸಮಾಸ, ಅದೇ ದ್ಯುತಿಸಂಶ್ಲೇಷಣೆ. ಎದುರಿಗೆ ಕೂತ ಮಕ್ಕಳಿಗೆ ಯಾವಾಗಲೂ ಹತ್ತೋ ಹನ್ನೆರಡೋ ವಯಸ್ಸು. ವಯಸ್ಸಾಗುವುದು ಮಾಸ್ತರರಿಗೆ, ಅಕ್ಕೋರಿಗೆ ಮಾತ್ರ.

ಮೊದಲ ಮೂರು ವರ್ಷ ಹೇಗೋ ಸಾಗುತ್ತವೆ. ಹೊಸ ನೌಕರಿ, ಹೊಸ ಊರು, ಮಕ್ಕಳು ಮುತ್ತಿಕೊಳ್ಳುವ ಖುಷಿ. ಏಳೆಂಟು ವರ್ಷಕ್ಕೆ ಪಾಠ ಬಾಯಿಪಾಠವಾಗಿರುತ್ತದೆ. ಹದಿನೈದಕ್ಕೆ ವರ್ಗಾವಣೆಯ ಕೌನ್ಸೆಲಿಂಗ್, ಮನೆ ಸಾಲ, ಸ್ವಂತ ಮಕ್ಕಳ ಓದು. ಇಪ್ಪತ್ತೈದಕ್ಕೆ ‘ಇನ್ನೆಷ್ಟು ವರ್ಷ ಉಳಿದಿದೆ’ ಎಂಬ ಲೆಕ್ಕ ಶುರುವಾಗುತ್ತದೆ. ಇದು ಸೋಮಾರಿಗಳ ಕಥೆಯಲ್ಲ. ಪ್ರಾಮಾಣಿಕವಾಗಿ ದುಡಿದವರೂ ಇಲ್ಲಿಗೆ ಬಂದು ನಿಲ್ಲುತ್ತಾರೆ. ಅದರ ನಡುವೆಯೇ ಕೆಲವರು ಐವತ್ತೆಂಟನೆಯ ವಯಸ್ಸಿನಲ್ಲೂ ಜೂನ್ ತಿಂಗಳಿಗಾಗಿ ಕಾಯುತ್ತಾರೆ. ಇವರಿಗೂ ಅವರಿಗೂ ಏನು ವ್ಯತ್ಯಾಸ?

‘ಅವರ ಸ್ವಭಾವವೇ ಹಾಗೆ’ ಎಂದು ನಾವು ಸುಮ್ಮನಾಗುತ್ತೇವೆ. ಶಿಕ್ಷಕರ ದಿನಾಚರಣೆಯ ಭಾಷಣಗಳು ಉತ್ಸಾಹವನ್ನು ತ್ಯಾಗದ ಮಾತಾಗಿ, ಹುಟ್ಟುಗುಣವಾಗಿ ಹೇಳುತ್ತವೆ. ನನ್ನ ನಂಬಿಕೆ ಬೇರೆ. ಉತ್ಸಾಹ ಕಲಿಕೆಯ ಫಲ. ತಾನು ಏನನ್ನಾದರೂ ಹೊಸದಾಗಿ ಕಂಡುಕೊಳ್ಳುತ್ತಿರುವ ಶಿಕ್ಷಕನಿಗೆ ಅದು ತಾನಾಗಿಯೇ ಬರುತ್ತದೆ. ಕಂಡುಕೊಳ್ಳುವುದು ನಿಂತ ದಿನ ಎಷ್ಟು ಪ್ರೇರಣೆಯ ಮಾತು ಕೇಳಿಸಿದರೂ ಉತ್ಸಾಹ ಉಳಿಯುವುದಿಲ್ಲ. ಇದಕ್ಕೆ ಸಾಕ್ಷಿ ಹುಡುಕಲು ನಾವು ದೂರ ಹೋಗಬೇಕಿಲ್ಲ.

ಬೀಸುವ ಕಲ್ಲಿನ ಮುಂದೆ ಕೂತ ಮಾಸ್ತರರು

ಈಗಿನ ಚಡಚಣ ತಾಲ್ಲೂಕಿನ ಹಲಸಂಗಿ ವಿಜಯಪುರ ಜಿಲ್ಲೆಯ ಉತ್ತರದ ಅಂಚಿನ ಊರು. ಭೀಮಾ ನದಿಯ ಸೀಮೆ, ಆಚೆ ಮಹಾರಾಷ್ಟ್ರ. ಕಳೆದ ಶತಮಾನದ ಇಪ್ಪತ್ತು-ಮೂವತ್ತರ ದಶಕಗಳಲ್ಲಿ ಇಲ್ಲಿ ಕೂಡಿದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರನ್ನು ಕನ್ನಡ ನಾಡು ‘ಹಲಸಂಗಿ ಗೆಳೆಯರು’ ಎಂದು ಗುರುತಿಸಿತು. ಇವರಲ್ಲಿ ಸಿಂಪಿ ಲಿಂಗಣ್ಣನವರು (1905–1993) ಪ್ರಾಥಮಿಕ ಶಾಲೆಯ ಮಾಸ್ತರರು. ಮುಲ್ಕಿ (ಏಳನೆಯ ಇಯತ್ತೆಯ) ಪರೀಕ್ಷೆ ಪಾಸಾದರೆ ಹಳ್ಳಿ ಶಾಲೆಯಲ್ಲಿ ನೌಕರಿ ಸಿಗುತ್ತಿದ್ದ ಕಾಲ. ಪದವಿಯಿಲ್ಲ, ಊರಿಗೆ ಸರಿಯಾದ ದಾರಿಯೂ ಇಲ್ಲ.

ಅಂಥ ಊರಿನಲ್ಲಿ ಈ ಗೆಳೆಯರು ಕಲಿಯಲು ಕಂಡುಕೊಂಡದ್ದು ನಸುಕಿನಲ್ಲಿ ಬೀಸುವ ಹೆಣ್ಣುಮಕ್ಕಳ ಹಾಡು. ತಾಯಂದಿರು, ಅಜ್ಜಿಯರು ಜೋಳ ಬೀಸುತ್ತ ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಯಿತು. ಕನ್ನಡ ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಓದು ಬಾರದವರೆಂದು ಊರು ಕರೆದ ಹೆಂಗಸರಿಂದ ಓದು ಕಲಿಸುವ ಮಾಸ್ತರರು ಕಲಿತರು. 1992ರಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತದ್ದು ಇದೇ ಪ್ರಾಥಮಿಕ ಶಾಲೆಯ ಮಾಸ್ತರರು. ಆಗ ಅವರಿಗೆ ಎಂಬತ್ತೇಳು.

ಇದನ್ನು ಸಾಹಿತ್ಯದ ಕಥೆಯಾಗಿ ನಾವು ಬಹಳ ಸಲ ಕೇಳಿದ್ದೇವೆ. ಶಿಕ್ಷಕ ವೃತ್ತಿಯ ಕಥೆಯಾಗಿ ಕೇಳಿಲ್ಲ. ಮಕ್ಕಳ ಮನೆಯೊಳಗೆ ಎಂಥ ಭಾಷೆಯಿದೆ, ಎಂಥ ಛಂದಸ್ಸಿದೆ, ಎಷ್ಟು ದುಃಖವಿದೆ ಎಂದು ತಿಳಿದುಕೊಂಡ ಶಿಕ್ಷಕ ಮರುದಿನ ತರಗತಿಗೆ ಕಾಲಿಟ್ಟಾಗ ಎದುರಿಗಿನ ಮಗು ಅವನಿಗೆ ಬೇರೆಯೇ ಆಗಿ ಕಾಣುತ್ತದೆ. ಆ ಮಗು ಏನೂ ತಿಳಿಯದ್ದಲ್ಲ, ಒಂದು ದೊಡ್ಡ ಸಂಪತ್ತಿನ ವಾರಸುದಾರ. ಅಂಥ ಮಗುವಿನ ಮುಂದೆ ನಿಲ್ಲುವವರಿಗೆ ಬೇಸರ ಹೇಗೆ ಬಂದೀತು?

ಸಿಂದಗಿ ಸೀಮೆಯಲ್ಲೂ ಇದೇ ಆಯಿತು. ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದ ಶಿಕ್ಷಕರು ಮಕ್ಕಳಿಗಾಗಿ ಪದ್ಯ ಬರೆಯತೊಡಗಿ ಆ ನೆಲವನ್ನು ಮಕ್ಕಳ ಸಾಹಿತ್ಯದ ತವರು ಮಾಡಿದರು. ಇವರ ಬರವಣಿಗೆ ಚಿಗುರಿದ ನೆಲ ತರಗತಿಯೇ. ಪದ್ಯ ಕಟ್ಟುವ ಶಿಕ್ಷಕನಿಗೆ ಕೇಳುಗರು ಎದುರಿಗೇ ಇರುತ್ತಾರೆ. ಯಾವ ಸಾಲಿಗೆ ಮಕ್ಕಳು ನಗುತ್ತಾರೆ, ಯಾವ ಸಾಲಿಗೆ ಆಕಳಿಸುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಸಣ್ಣ ಪ್ರಯೋಗಗಳ ಬಲ

ದೂರದ ಸ್ವಿಟ್ಜರ್ಲೆಂಡಿನಲ್ಲಿ ಮೈಕೆಲ್ ಹ್ಯೂಬರ್‌ಮನ್ ಎಂಬ ಸಂಶೋಧಕರು 160 ಪ್ರೌಢಶಾಲಾ ಶಿಕ್ಷಕರ ವೃತ್ತಿಜೀವನವನ್ನು ಅಭ್ಯಾಸ ಮಾಡಿ 1989ರಲ್ಲಿ ಪುಸ್ತಕ ತಂದರು. ಮೊದಲ ವರ್ಷಗಳ ಉಳಿವಿನ ಹೋರಾಟ, ಆಮೇಲೆ ನೆಲೆ ನಿಲ್ಲುವುದು, ನಡುವಯಸ್ಸಿನಲ್ಲಿ ಪ್ರಯೋಗ ಅಥವಾ ಅನುಮಾನ, ಕೊನೆಗೆ ಸಮಾಧಾನದಿಂದಲೋ ಕಹಿಯಿಂದಲೋ ಹಿಂದೆ ಸರಿಯುವುದು. ಹೀಗೆ ವೃತ್ತಿಯ ಹಂತಗಳನ್ನು ಅವರು ಗುರುತಿಸಿದರು. ಸೇವೆಯ ಕೊನೆಗೆ ಯಾರು ತೃಪ್ತರಾಗಿದ್ದರು ಎಂಬ ಪ್ರಶ್ನೆಗೆ ಅವರು ಕಂಡ ಉತ್ತರ ನಮ್ಮ ಶಾಲೆಗಳಿಗೂ ಹೊಂದುತ್ತದೆ. ದೊಡ್ಡ ದೊಡ್ಡ ಸುಧಾರಣಾ ಯೋಜನೆಗಳಲ್ಲಿ ಮುಳುಗಿ ಎದ್ದವರಿಗಿಂತ, ತಮ್ಮ ತರಗತಿಯೊಳಗೆ ಸಣ್ಣ ಸಣ್ಣ ಬದಲಾವಣೆ ಮಾಡಿ ನೋಡುತ್ತಿದ್ದವರು ಹೆಚ್ಚು ತೃಪ್ತರಾಗಿದ್ದರು.

ಕಾರ್ಡುಗಳ ಮೂಲಕ ಕಲಿಸುವ ಕರ್ನಾಟಕದ ನಲಿ-ಕಲಿ ಪದ್ಧತಿಯ ಹುಟ್ಟಿನಲ್ಲೂ ಈ ಪಾಠವಿದೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿ ಬಂದರು. ಊರಿಗೆ ಬಂದು ತಾವೇ ಕೂತು ಕಾರ್ಡು ಬರೆದರು, ಚಿತ್ರ ತೆಗೆದರು, ಕಲಿಕಾ ಏಣಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಬಂತು. ಕಾರ್ಡು ತಯಾರಿಸಿದವರಿಗೆ ಅದು ತಮ್ಮ ಕೂಸು. ತಯಾರಾದ ಕಾರ್ಡನ್ನು ಪೆಟ್ಟಿಗೆಯಲ್ಲಿ ಪಡೆದ ಎಷ್ಟೋ ಜನರಿಗೆ ಅದು ಇಲಾಖೆಯ ಇನ್ನೊಂದು ಆದೇಶ. ಪದ್ಧತಿ ಒಂದೇ, ಕೈ ಬದಲಾಗುವಾಗ ಕಾವು ಇಳಿಯಿತು. ತಾನು ಕಟ್ಟಿದ್ದರಲ್ಲಿ ಮಾತ್ರ ಶಿಕ್ಷಕನಿಗೆ ಜೀವ ಇರುತ್ತದೆ. ಆದ್ದರಿಂದ ಬಂದ ಕಾರ್ಡಿನ ಜೊತೆಗೆ ತನ್ನದೂ ನಾಲ್ಕು ಕಾರ್ಡು ಸೇರಿಸುವ ಅಕ್ಕೋರು ಆ ಪದ್ಧತಿಯನ್ನು ಉಳಿಸುತ್ತಾರೆ, ತಮ್ಮನ್ನೂ ಉಳಿಸಿಕೊಳ್ಳುತ್ತಾರೆ.

ಐವತ್ತೆರಡರಾಗ ಮೂವತ್ತೆಂಟು

ಬಬಲೇಶ್ವರ ಕಡೆಯ ಯಾವುದೇ ಶಾಲೆಯ ಮೂರನೆಯ ತರಗತಿಯಲ್ಲಿ ನಡೆಯಬಹುದಾದ ಒಂದು ಪ್ರಸಂಗ ನೋಡೋಣ. ಲೆಕ್ಕ: 52ರಲ್ಲಿ 38 ಕಳೆ. ಹುಡುಗ 26 ಎಂದು ಬರೆದಿದ್ದಾನೆ. ತಪ್ಪು ಗುರುತು ಹಾಕಿ ಪಟ್ಟಿಯನ್ನು ಕೈಗೆ ಕೊಟ್ಟು ಮುಂದೆ ಹೋಗಬಹುದು. ಐವತ್ತು ಪಟ್ಟಿ ನೋಡುವ ಧಾವಂತದಲ್ಲಿ ಹಾಗೇ ಆಗುತ್ತದೆ. ಆದರೆ ಮಾಸ್ತರರು ಒಂದು ಕ್ಷಣ ನಿಂತು ಕೇಳುತ್ತಾರೆ:

“ಇಪ್ಪತ್ತಾರು ಹ್ಯಾಂಗ ಬಂತೋ ತಮ್ಮಾ?”

“ಎರಡರಾಗ ಎಂಟು ಹೋಗಂಗಿಲ್ರಿ ಸರ್. ಅದಕ್ಕ ಎಂಟರಾಗ ಎರಡು ತಗದೆ. ಆರು ಉಳೀತು. ಐದರಾಗ ಮೂರು ಹೋದ್ರ ಎರಡು.”

ಹುಡುಗನಿಗೆ ಕಳೆಯುವುದು ಬರುತ್ತದೆ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಹಿಂದೆ ಯಾರೋ ಹೇಳಿಕೊಟ್ಟ ಮಾತನ್ನು ಅವನು ನಿಷ್ಠೆಯಿಂದ ಪಾಲಿಸಿದ್ದಾನೆ. ಅವನ ತಪ್ಪಿಗೆ ಒಂದು ತರ್ಕವಿದೆ. ಮಾಸ್ತರರು ಕಾಗದದ ಹತ್ತರ ನೋಟು ಐದು, ಒಂದು ರೂಪಾಯಿಯ ನಾಣ್ಯ ಎರಡು ಅವನ ಕೈಗಿಡುತ್ತಾರೆ. “ನಾ ಕಿರಾಣಿ ಅಂಗಡ್ಯಾಂವ. ನನಗ ಮೂವತ್ತೆಂಟು ಕೊಡು.” ಹುಡುಗ ಮೂರು ನೋಟು ಎಣಿಸಿ ಕೊಡುತ್ತಾನೆ. ಎಂಟು ರೂಪಾಯಿಗೆ ಬಂದಾಗ ಕೈಯಲ್ಲಿ ಎರಡೇ ನಾಣ್ಯ. ಸ್ವಲ್ಪ ಹೊತ್ತು ಯೋಚಿಸಿ ಹೇಳುತ್ತಾನೆ: “ಒಂದ್ ನೋಟು ಚಿಲ್ಲರ ಮಾಡಿ ಕೊಡ್ರಿ ಸರ್.” ಚಿಲ್ಲರೆ ಬಂತು, ನಾಣ್ಯ ಹನ್ನೆರಡಾದವು. ಎಂಟು ಕೊಟ್ಟ ಮೇಲೆ ಅವನ ಹತ್ತಿರ ಉಳಿದದ್ದು ಒಂದು ನೋಟು, ನಾಲ್ಕು ನಾಣ್ಯ. ಹದಿನಾಲ್ಕು. ದಶಕ ತೆಗೆದುಕೊಳ್ಳುವುದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ, ಅವನೇ ಕಂಡುಹಿಡಿದ.

ಇಲ್ಲಿ ಹುಡುಗನಷ್ಟೇ ಮಾಸ್ತರರೂ ಕಲಿತರು. ‘ಸಣ್ಣದರಲ್ಲಿ ದೊಡ್ಡದು ಹೋಗುವುದಿಲ್ಲ’ ಎಂದು ಒಂದನೆಯ ತರಗತಿಯಲ್ಲಿ ಹೇಳುವ ಮಾತು ಮೂರನೆಯ ತರಗತಿಯಲ್ಲಿ ಎಂಥ ಗಂಟು ಹಾಕುತ್ತದೆ ಎಂದು ಅವರಿಗೆ ಗೊತ್ತಾಯಿತು. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದ್ದೂ ಇದನ್ನೇ. ವಿಷಯ ಗೊತ್ತಿರುವುದು ಒಂದು ತಿಳಿವಳಿಕೆ, ಆ ವಿಷಯ ಮಗುವಿನ ತಲೆಯಲ್ಲಿ ಎಲ್ಲಿ ತೊಡಕುತ್ತದೆ, ಯಾವ ಉದಾಹರಣೆಯಿಂದ ಬಿಡಿಸಿಕೊಳ್ಳುತ್ತದೆ ಎಂದು ಗೊತ್ತಿರುವುದು ಬೇರೆಯೇ ತಿಳಿವಳಿಕೆ. ಗಣಿತ ಬಲ್ಲ ಇಂಜಿನಿಯರಿಗೂ ಗಣಿತ ಶಿಕ್ಷಕನಿಗೂ ಇರುವ ಅಂತರ ಇದು. ಈ ಎರಡನೆಯ ತಿಳಿವಳಿಕೆಗೆ ಕೊನೆಯಿಲ್ಲ. ಮಕ್ಕಳ ತಪ್ಪುಗಳನ್ನು ಒಂದು ವಹಿಯಲ್ಲಿ ಬರೆದಿಡುತ್ತ ಹೋದರೆ ಮೂವತ್ತೈದು ವರ್ಷವೂ ಸಾಲದು. ಅಂಥ ವಹಿ ಇಟ್ಟುಕೊಂಡ ಶಿಕ್ಷಕನಿಗೆ ಒಂದೇ ಪಾಠ ಎರಡು ವರ್ಷ ಒಂದೇ ರೀತಿ ನಡೆಯುವುದಿಲ್ಲ.

ದ್ರಾಕ್ಷಿ ಪಡ, ಗುಮ್ಮಟ, ಡೋಣಿ

ತಿಕೋಟಾ ಭಾಗದ ಮಕ್ಕಳು ಒಣದ್ರಾಕ್ಷಿಯ ಶೆಡ್ಡುಗಳ ನಡುವೆ ಬೆಳೆಯುತ್ತಾರೆ. ಹಣ್ಣನ್ನು ದ್ರಾವಣದಲ್ಲಿ ಅದ್ದಿ ಬಲೆಯ ಅಟ್ಟಗಳ ಮೇಲೆ ಹರವುವುದನ್ನು, ಒಣಗಿದ ಮೇಲೆ ಬಡಿದು ಆರಿಸುವುದನ್ನು, ಮಾಲು ಸಾಂಗ್ಲಿ, ತಾಸಗಾಂವ್ ಪೇಟೆಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿರುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಏಳನೆಯ ತರಗತಿಯ ಅನುಪಾತ, ಶೇಕಡಾ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ನಾಲ್ಕರಲ್ಲಿ ಮೂರು ಕಿಲೋ ಗಾಳಿಗೆ ಹೋಯಿತು, ಶೇಕಡಾ ಎಷ್ಟು? ಹೋದದ್ದು ಏನು? ಹಸಿ ಹಣ್ಣಿಗೆ ಕಿಲೋಗೆ 30 ರೂಪಾಯಿ ಸಿಗುತ್ತಿದ್ದರೆ ಒಣಗಿಸಿದ್ದಕ್ಕೆ ಕನಿಷ್ಠ ಎಷ್ಟು ಸಿಗಬೇಕು? 120 ಎಂದು ಒಬ್ಬಳು ಕೈ ಎತ್ತುತ್ತಾಳೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು ನಿಂತು ‘ಕೂಲಿ, ಎಣ್ಣಿ, ಗಾಡಿ ಬಾಡಿಗಿ ಹಿಡೀಲಿಲ್ಲ’ ಎಂದು ತಿದ್ದುತ್ತಾನೆ. ಗಣಿತದಲ್ಲಿ ಎಂದೂ ಬಾಯಿ ಬಿಡದ ಹುಡುಗ ಆ ದಿನ ತರಗತಿಗೆ ಮಾಸ್ತರನಾಗುತ್ತಾನೆ.

ವಿಜಯಪುರ ನಗರದ ಶಿಕ್ಷಕರಿಗೆ ಗೋಳಗುಮ್ಮಟವೇ ವಿಜ್ಞಾನದ ಪ್ರಯೋಗಾಲಯ. ಪ್ರತಿಧ್ವನಿ ಕೇಳಲು ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕೆಂದು ಪಾಠ ಹೇಳುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಧ್ವನಿ ಎದುರಿನ ಗೋಡೆಗೆ ಹೋಗಿ ಬರಲು 76 ಮೀಟರ್. ಸೆಕೆಂಡಿಗೆ 340 ಮೀಟರ್ ವೇಗವಾದರೆ ಎಷ್ಟು ಹೊತ್ತು ಬೇಕು? 0.22 ಸೆಕೆಂಡ್. ಲೆಕ್ಕವನ್ನು ತರಗತಿಯಲ್ಲೇ ಮಾಡಿಸಿ, ಆಮೇಲೆ ಮೇಲಿನ ಮೊಗಸಾಲೆಗೆ ಕರೆದುಕೊಂಡು ಹೋಗಿ ಚಪ್ಪಾಳೆ ತಟ್ಟಿಸಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಒಂದು ಚಪ್ಪಾಳೆ ಹಲವು ಸಲ ಮರುಕಳಿಸುವುದೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹುಡುಕಲು ಶಿಕ್ಷಕರು ರಾತ್ರಿ ಪುಸ್ತಕ ತೆರೆಯಬೇಕಾಗುತ್ತದೆ. ವೃತ್ತಿಯಲ್ಲಿ ಬೆಳೆಯುವುದು ಅಂದರೆ ಆ ರಾತ್ರಿಯ ಓದು.

ತೊರವಿಯ ಸುರಂಗ ಬಾವಡಿ, ನಗರಕ್ಕೆ ನೀರು ತಂದ ಆದಿಲ್‌ಶಾಹಿ ಕಾಲುವೆಗಳು, ತಾಜ್ ಬಾವಡಿ, ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆ, ಉಪ್ಪು ನೀರಿನ ಡೋಣಿ ನದಿ, ಇವೂ ಪಾಠಗಳೇ. ‘ಡೋಣಿ ಹರಿದರೆ ಓಣಿ ತುಂಬ ಜೋಳ’ ಎಂದು ಹಿರಿಯರು ಹೇಳಿದ ಅದೇ ಡೋಣಿ ಈಗ ಹೂಳು ತುಂಬಿ ಹೊಲಕ್ಕೆ ನುಗ್ಗುವುದೇಕೆ? ಬರದ ಸೀಮೆಗೆ ಏತ ನೀರಾವರಿ ಬಂದ ಮೇಲೆ ಬೆಳೆ ಹೇಗೆ ಬದಲಾಯಿತು? ಪಠ್ಯಪುಸ್ತಕ ಇಡೀ ರಾಜ್ಯಕ್ಕೆ ಒಂದೇ, ಅದರಲ್ಲಿ ಇದೆಲ್ಲ ಇರಲಾರದು. ಪಠ್ಯದ ತುದಿಯನ್ನು ಊರಿಗೆ ಕಟ್ಟುವುದು ಶಿಕ್ಷಕನ ಕೆಲಸ. ಆ ಗಂಟು ಕಟ್ಟಲು ಅವನು ಮೊದಲು ಊರನ್ನು ಓದಬೇಕು.

ಖಾಲಿಯಾಗುವ ಬೆಂಚುಗಳು

ಊರು ಓದುವುದೆಂದರೆ ನೋವನ್ನೂ ಓದುವುದು. ವಿಜಯಪುರ ಸುತ್ತಿನ ಲಂಬಾಣಿ ತಾಂಡಾಗಳಿಂದ ದೀಪಾವಳಿಯ ಆಚೀಚೆ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಕೆಲವರು ಬಾಗಲಕೋಟೆ, ಬೆಳಗಾವಿ ಕಡೆಗೆ, ಕೆಲವರು ಮಹಾರಾಷ್ಟ್ರಕ್ಕೆ. ಕಟ್ಟಡದ ಕೆಲಸಕ್ಕೆ ಗೋವಾ, ಪುಣೆ ಸೇರುವವರೂ ಇದ್ದಾರೆ. ಯುಗಾದಿ ಹೊತ್ತಿಗೆ ಮರಳಿ ಬರುತ್ತಾರೆ. ನವೆಂಬರಿನಲ್ಲಿ ಓದು ಹಿಡಿಯುತ್ತಿದ್ದ ಹುಡುಗಿ ಏಪ್ರಿಲ್‌ನಲ್ಲಿ ಮತ್ತೆ ಕಾಗುಣಿತಕ್ಕೆ ಇಳಿದಿರುತ್ತಾಳೆ. ಶಿಕ್ಷಕರನ್ನು ಇಷ್ಟು ಕುಗ್ಗಿಸುವುದು ಬೇರೊಂದಿಲ್ಲ. ಐದು ತಿಂಗಳ ಶ್ರಮ ಒಂದು ಟ್ರ್ಯಾಕ್ಟರ್ ಹತ್ತಿ ಹೋಗುತ್ತದೆ.

ಇಲ್ಲಿ ಬರಿಯ ಉತ್ಸಾಹ ಸಾಲದು, ವೃತ್ತಿಯ ಕಸುಬು ಬೇಕು. ಹೋಗುವ ಮೊದಲು ಆ ಮಗುವಿನ ಜೊತೆ ಯಾವ ಕಾರ್ಡು, ಯಾವ ಕಥೆಪುಸ್ತಕ ಕಳಿಸಬೇಕು? ಅಜ್ಜಿಯ ಹತ್ತಿರ ಉಳಿಸಲು ಪಾಲಕರ ಮನವೊಲಿಸುವುದು ಹೇಗೆ? ವಲಸೆ ಮಕ್ಕಳ ವಸತಿ ವ್ಯವಸ್ಥೆಗೆ ಹೆಸರು ಬರೆಸುವುದು ಯಾವಾಗ? ಮರಳಿದಾಗ ನಾಚಿಕೆಯಾಗದಂತೆ ಎಲ್ಲಿಂದ ಶುರು ಮಾಡಬೇಕು? ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಜೂನ್‌ನ ಸೇತುಬಂಧ ಎಲ್ಲರಿಗೂ ಇದೆ, ಈ ಮಗುವಿಗೆ ಏಪ್ರಿಲ್‌ನಲ್ಲಿ ಇನ್ನೊಂದು ಸೇತುಬಂಧ ಬೇಕು. ಮನೆಯಲ್ಲಿ ಲಂಬಾಣಿ ಆಡುವ ಮಗು ಒಂದನೆಯ ತರಗತಿಗೆ ಬಂದಾಗ ಕನ್ನಡ ಅದಕ್ಕೆ ಎರಡನೆಯ ಭಾಷೆ. ತರಗತಿಯ ವಸ್ತುಗಳಿಗೆ ಲಂಬಾಣಿಯಲ್ಲಿ ಏನೆನ್ನುತ್ತಾರೆ ಎಂದು ಮಕ್ಕಳಿಂದಲೇ ಕೇಳಿ ಕನ್ನಡ ಲಿಪಿಯಲ್ಲಿ ಗೋಡೆಗೆ ಬರೆಯುವ ಅಕ್ಕೋರು ಒಂದೇ ಏಟಿಗೆ ಎರಡು ಕೆಲಸ ಮಾಡುತ್ತಾರೆ. ಮಗುವಿಗೆ ಅಕ್ಷರ ಹಿಡಿಯುತ್ತದೆ, ಅಕ್ಕೋರಿಗೆ ಒಂದು ಭಾಷೆ ಸಿಗುತ್ತದೆ. ಗಡಿ ದಾಟಿದರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಶಿಕ್ಷಕರು ಕನ್ನಡ, ಮರಾಠಿ ಎರಡರ ನಡುವೆ ದಿನವೂ ಇದೇ ಸೇತುವೆ ಕಟ್ಟುತ್ತಿದ್ದಾರೆ. ಅವರ ಅನುಭವ ನಮಗೆ ಕೂಗಳತೆಯಲ್ಲಿದೆ, ನಾವು ಕೇಳುತ್ತಿಲ್ಲ.

ಒಂಟಿ ಮಾಸ್ತರ ಬಹಳ ದೂರ ಹೋಗಲಾರ

ಹಲಸಂಗಿಯವರನ್ನು ನಾವು ‘ಗೆಳೆಯರು’ ಎಂದೇ ನೆನೆಯುತ್ತೇವೆ. ಒಬ್ಬರ ಓದಿಗೆ ಇನ್ನೊಬ್ಬರು ಕಿವಿಯಾಗಿದ್ದರು. ಧಾರವಾಡದ ಕವಿ ಬೇಂದ್ರೆಯವರ ಸ್ನೇಹವೂ ಜೊತೆಗಿತ್ತು. ನಮ್ಮ ಭಾಗದ ಶಿಕ್ಷಕರಿಗೆ ಈ ಕೂಟದ ಪರಂಪರೆ ಇನ್ನೂ ಹಳೆಯದು. ಶಿಕ್ಷಣಾಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರ (1834–1881) ಕಾಲದಲ್ಲಿ, 1865ರಲ್ಲೇ, ಕನ್ನಡ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಹೊರಟಿತು. ಮುಂದೆ ಅದೇ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಧಾರವಾಡದಿಂದ ಬರತೊಡಗಿತು. ಕನ್ನಡ ಶಾಲೆಗಳೇ ಕಡಿಮೆಯಿದ್ದಾಗ, ಮಾಸ್ತರರು ಒಬ್ಬರಿಂದೊಬ್ಬರು ಕಲಿಯಬೇಕೆಂದು ಒಂದು ಪತ್ರಿಕೆ ಕಟ್ಟಿದ ದೂರದೃಷ್ಟಿ ಅದು.

ಜಪಾನಿನ ಶಿಕ್ಷಕರಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ರೂಢಿಯಿದೆ. ನಾಲ್ಕೈದು ಜನ ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ಕೂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಎಲ್ಲರೂ ಕೂತು ಪಾಠವನ್ನು ತಿದ್ದುತ್ತಾರೆ. ಅಲ್ಲಿ ಚರ್ಚೆಗೆ ಬರುವುದು ಪಾಠ, ಪಾಠ ಮಾಡಿದವರ ಮಾನ ಅಲ್ಲ. ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ, ಹೊಸ ಯೋಜನೆ ಬೇಕಿಲ್ಲ. ಸಮೂಹ ಸಂಪನ್ಮೂಲ ಕೇಂದ್ರಗಳಿವೆ, ಅವುಗಳಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಸಮಾಲೋಚನಾ ಸಭೆಗಳು ನಡೆಯುತ್ತವೆ. ಆ ಸಭೆಯ ಹೊತ್ತು ಅಂಕಿಅಂಶ, ನಮೂನೆ, ಸುತ್ತೋಲೆಗಳಲ್ಲಿ ಕಳೆದುಹೋಗದೆ ಒಂದು ಗಂಟೆ ಒಂದು ಪಾಠಕ್ಕೆ ಮೀಸಲಾದರೆ ಸಾಕು. ‘ನನ್ನ ತರಗತಿಯಲ್ಲಿ ಭಿನ್ನರಾಶಿ ತಿಳಿಯುತ್ತಿಲ್ಲ, ನೀವೇನು ಮಾಡುತ್ತೀರಿ?’ ಎಂದು ಹಿರಿಯ ಮಾಸ್ತರರೊಬ್ಬರು ಎಲ್ಲರೆದುರು ಕೇಳಿದ ದಿನ ಕಿರಿಯರ ನಾಲಗೆಯ ಬಿಗಿ ಸಡಿಲುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭೋದಯದ ಚಿತ್ರದ ಬದಲು ದಿನಕ್ಕೊಬ್ಬರು ಮಕ್ಕಳ ಒಂದು ತಪ್ಪುತ್ತರದ ಫೋಟೊ ಹಾಕಿದರೆ ಅದೇ ತರಬೇತಿ.

ಕಲಿಯಲು ಹೊತ್ತು ಕೊಡಿ

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರವನ್ನು, ಸಮಾಜವನ್ನು ಕೇಳದಿದ್ದರೆ ಶಿಕ್ಷಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕೆನ್ನುತ್ತದೆ. ‘ನಿಷ್ಠಾ’ ತರಬೇತಿ 2019ರಲ್ಲಿ ಬಂತು, ದೀಕ್ಷಾ ಪೋರ್ಟಲ್ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕೆಂದು ಹೇಳಿತು. ಇಪ್ಪತ್ತು ವರ್ಷ ಕಲಿಸಿದವರೂ ಮತ್ತೆ ಪುಸ್ತಕ ಹಿಡಿಯಬೇಕಾಗಿದೆ. ಓದುವುದು ಒಳ್ಳೆಯದೇ. ಆದರೆ ನೌಕರಿ ಹೋದೀತೆಂಬ ಭಯದಿಂದ ಓದಿದ್ದು ಪರೀಕ್ಷೆಯ ದಿನಕ್ಕೆ ಮುಗಿಯುತ್ತದೆ. ಮಕ್ಕಳಿಗೆ ಹೊಡೆದು ಕಲಿಸಬಾರದೆಂದು ಒಪ್ಪಿಕೊಂಡ ನಾವು ಶಿಕ್ಷಕರಿಗೂ ಅದೇ ನ್ಯಾಯ ಕೊಡಬೇಕು.

ಹೊತ್ತಿನ ಪ್ರಶ್ನೆಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಶಿಕ್ಷಕರು. ಅದಕ್ಕಾಗಿ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾಯಿತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ಮತಗಟ್ಟೆಯ ಕೆಲಸ ವರ್ಷವಿಡೀ ಇದ್ದೇ ಇದೆ. ಖಾಲಿ ಹುದ್ದೆಗಳನ್ನು ಗೌರವಧನದ ಅತಿಥಿ ಶಿಕ್ಷಕರು ಹೊರುತ್ತಿದ್ದಾರೆ. ಬರುವ ಜೂನ್‌ನಲ್ಲಿ ಕೆಲಸ ಇದೆಯೋ ಇಲ್ಲವೋ ತಿಳಿಯದವರಿಗೆ ಮೂವತ್ತೈದು ವರ್ಷದ ಬೆಳವಣಿಗೆಯ ಮಾತು ಹೇಗೆ ಹೇಳುವುದು? ಒಬ್ಬರ ಕೈಯಲ್ಲಿ ಎರಡು ತರಗತಿ ಇಟ್ಟು ಅವರಿಂದ ಪ್ರಯೋಗವನ್ನೂ ನಿರೀಕ್ಷಿಸುವುದು ಕ್ರೂರ. ಶಿಕ್ಷಕರಿಗೆ ನಾವು ಕೊಡಬಹುದಾದ ದೊಡ್ಡ ಸನ್ಮಾನ ಶಾಲಲ್ಲ, ಪಾಠಕ್ಕೆ ತಯಾರಾಗಲು ಬಿಡುವು.

ಬಿಜ್ಜರಗಿಯ ಗುರು

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಒಬ್ಬರು ಈ ನಾಡಿಗೆ ಆಜೀವ ಕಲಿಕೆ ಹೇಗಿರುತ್ತದೆಂದು ತೋರಿಸಿ ಹೋದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಚಿಕ್ಕ ವಯಸ್ಸಿನಲ್ಲಿ ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರಾದರು. ಗುರುಗಳ ಪ್ರವಚನಗಳನ್ನು ಆಧರಿಸಿ ‘ಸಿದ್ಧಾಂತ ಶಿಖಾಮಣಿ’ಯನ್ನು ಸಂಪಾದಿಸಿದಾಗ ಅವರಿಗೆ ಹತ್ತೊಂಬತ್ತು. ಕೊಲ್ಹಾಪುರದಲ್ಲಿ ತತ್ವಶಾಸ್ತ್ರದ ಎಂ.ಎ. ಓದಿದರು. 2023ರ ಜನವರಿ 2ರಂದು ನಮ್ಮನ್ನು ಅಗಲುವವರೆಗೆ, ದಶಕಗಳ ಕಾಲ, ನಸುಕಿನಲ್ಲಿ ಜನರ ಮುಂದೆ ಕೂತು ಉಪನಿಷತ್ತು, ವಚನ, ಪತಂಜಲಿಯ ಯೋಗಸೂತ್ರಗಳನ್ನು ಬಿಡಿಸಿ ಹೇಳಿದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ಹೊಲಕ್ಕೆ ಹೊರಟ ರೈತನೂ ಪ್ರಾಧ್ಯಾಪಕನೂ ಒಂದೇ ಚಾಪೆಯ ಮೇಲೆ ಕೂತು ಅವರ ಮಾತು ಕೇಳುತ್ತಿದ್ದರು. ಹೇಳಿದ ವಿಷಯವನ್ನೇ ಮತ್ತೆ ಹೇಳುವಾಗಲೂ ಅವರ ಮುಖದಲ್ಲಿ ಮೊದಲ ಸಲ ಕಂಡ ಸಂತೋಷವಿರುತ್ತಿತ್ತು. ಯಾಕೆಂದರೆ ಅವರು ಓದುವುದನ್ನು, ಹೊಲ-ಗಿಡ-ಹಕ್ಕಿಗಳನ್ನು ನೋಡುವುದನ್ನು ನಿಲ್ಲಿಸಿರಲಿಲ್ಲ.

ವಿಜಯಪುರದಲ್ಲೇ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಬುನಾದಿ ಹಾಕಿದ ಫ.ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ತಾಳೆಗರಿ ಓದಲು ಕಲಿತು 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ನಡುವಯಸ್ಸು ಅವರಿಗೆ ಇಳಿಜಾರಾಗಲಿಲ್ಲ, ಹೊಸ ಕೆಲಸದ ಆರಂಭವಾಯಿತು. ಈ ಮಣ್ಣಿನಲ್ಲಿ ಶಾಲೆ ಕಟ್ಟಿದವರೂ ಕಲಿಯುವವರೇ ಆಗಿದ್ದರು.

ಸೇವೆಯ ಕೊನೆಯ ಹತ್ತು ವರ್ಷಗಳಲ್ಲಿರುವ ಶಿಕ್ಷಕರಿಗೆ ನಾನು ಹೇಳಬೇಕಾದ್ದು ಇದೇ. ನಿಮ್ಮ ಹತ್ತಿರ ಯಾವ ತರಬೇತಿ ಕೈಪಿಡಿಯಲ್ಲೂ ಇಲ್ಲದ ಜ್ಞಾನವಿದೆ. ಯಾವ ಪಾಠದಲ್ಲಿ ಮಕ್ಕಳು ಎಡವುತ್ತಾರೆ, ಯಾವ ಮನೆಯ ಬಾಗಿಲು ಎಷ್ಟು ಸಲ ತಟ್ಟಬೇಕು ಎಂದು ನಿಮಗೆ ಗೊತ್ತು. ಅದನ್ನು ಬರೆದಿಡಿ. ಹೊಸದಾಗಿ ಬಂದ ಮಾಸ್ತರರನ್ನೋ ಅಕ್ಕೋರನ್ನೋ ನಿಮ್ಮ ತರಗತಿಯ ಹಿಂದೆ ಕೂಡಿಸಿಕೊಳ್ಳಿ, ನೀವೂ ಅವರ ತರಗತಿಯ ಹಿಂದೆ ಕೂಡಿ. ಅವರಿಂದ ಮೊಬೈಲ್‌ನಲ್ಲಿ ಪಾಠ ತಯಾರಿಸುವುದನ್ನು ಕಲಿಯಿರಿ, ಅವರಿಗೆ ಮಕ್ಕಳನ್ನು ಓದುವುದನ್ನು ಕಲಿಸಿ.

ಉಳಿದ ನಮಗೂ, ಅಂದರೆ ಪಾಲಕರಿಗೆ, ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ, ಅಧಿಕಾರಿಗಳಿಗೆ ಒಂದು ಕೆಲಸವಿದೆ. ಮಾಸ್ತರರು ಎದುರಾದಾಗ ‘ಈ ಸಲ ರಿಸಲ್ಟ್ ಎಷ್ಟು ಬಂತು?’ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಅದರ ಜೊತೆಗೆ ‘ಈ ವರ್ಷ ನೀವೇನು ಹೊಸದಾಗಿ ಕಲಿತಿರಿ ಸರ್? ಅದಕ್ಕೆ ನಮ್ಮಿಂದ ಏನು ಆಗಬೇಕು?’ ಎಂದೂ ಕೇಳೋಣ. ಎರಡನೆಯ ಪ್ರಶ್ನೆಗೆ ಉತ್ತರ ಸಿಗತೊಡಗಿದರೆ ಮೊದಲನೆಯದರ ಚಿಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಶಿಕ್ಷಕರು ಕಲಿಯುತ್ತಿರುವ ಶಾಲೆಯಲ್ಲಿ ಮಕ್ಕಳು ಕಲಿತೇ ಕಲಿಯುತ್ತಾರೆ.